ಕಿಸೆಯೊಳಗಿನ ಸಂಗೀತವೂ ನಮ್ಮ ಮಕ್ಕಳ ಕಿವಿಯೂ

ಸಂಗೀತದ ಯಂತ್ರವು ಮನೆಯ ಮೇಜಿನ ಮೇಲಿದ್ದ ಕಾಲವು ಹೋಗಿ, ಅದು ಕಿಸೆಯಲ್ಲಿರುವ ಕಾಲವು ಬಂದು ಬಹಳ ವರ್ಷಗಳಾದವು. ಹಾಡನ್ನು ಕೇಳುವುದಕ್ಕೂ, ಕಲಿಯುವುದಕ್ಕೂ, ಹಾಡಿದ್ದನ್ನು ಹಿಡಿದಿಡುವುದಕ್ಕೂ ಸ್ಮಾರ್ಟ್‌ಫೋನು ಒಂದೇ ಸಾಕೆಂದು ಈಗ ಅನೇಕರು ಎಣಿಸಿರುವರು. ಆದರೂ ಅದೇ ಜನರು ಶಾಲೆಗೆ ಬಂದಾಗ, "ಮೊಬೈಲಿನಲ್ಲಿ ಹಾಡು ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲವಲ್ಲ, ಅಮ್ಮನವರೇ, ಏನನ್ನು ಕೊಂಡರೆ ಮಗಳಿಗೆ ಅನುಕೂಲವಾದೀತು?" ಎಂದು ನಮ್ಮನ್ನು ಕೇಳುವುದುಂಟು. ಇಂಥ ಪ್ರಶ್ನೆಗೆ ಉತ್ತರ ಹೇಳುವುದು ಅಂಗಡಿಯವರ ಕೆಲಸವೇ ಹೊರತು ಮುಖ್ಯೋಪಾಧ್ಯಾಯಿನಿಯ ಕೆಲಸವಲ್ಲವೆಂದು ಯಾರಾದರೂ ನಕ್ಕಾರು. ಆದರೆ ಇದರಲ್ಲಿ ಮನೆಯ ಹಣ, ಮಕ್ಕಳ ಕಿವಿ, ಅವರ ಸಂಗೀತಶಿಕ್ಷಣ ಎಂಬ ಮೂರು ಸಂಗತಿಗಳು ಸೇರಿಕೊಂಡಿರುವುದರಿಂದ, ನಮ್ಮ ಅಭಿಪ್ರಾಯವನ್ನು ಈ ಸಂಚಿಕೆಯಲ್ಲಿ ಬರೆಯುವುದು ಉಚಿತವೆಂದು ತೋರಿತು.

ಆ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಕಿಸೆಯ ಸಂಗೀತದಲ್ಲಿ ನಾವು ಕಾಣುವ ಕೊರತೆಯು ಬಹುಮಟ್ಟಿಗೆ ಹಾಡಿನ ಕಡತದಲ್ಲಿಯೂ ಇಲ್ಲ, ಫೋನಿನ ಒಳಗಣ ಯಂತ್ರದಲ್ಲಿಯೂ ಇಲ್ಲ. ಅದು ಶಬ್ದವು ಯಂತ್ರವನ್ನು ಬಿಟ್ಟು ಕಿವಿಯನ್ನು ಸೇರುವ ಕೊನೆಯ ಅಂಗುಲದಲ್ಲಿಯೂ, ಕೇಳುವವರ ಸುತ್ತಲಿನ ಗದ್ದಲದಲ್ಲಿಯೂ ಇರುವುದು. ಆ ಕೊರತೆಯನ್ನು ಹಣ ಸುರಿದು ತುಂಬಹೋದವರು ಹಣವನ್ನು ಕಳೆದುಕೊಳ್ಳುವರು. ಶಬ್ದವನ್ನು ಏರಿಸಿ ತುಂಬಹೋದವರು ಕಿವಿಯನ್ನು ಕಳೆದುಕೊಳ್ಳುವರು. ಇದು ಹೇಗೆಂಬುದನ್ನು ಕ್ರಮವಾಗಿ ತಿಳಿಸಲು ಪ್ರಯತ್ನಿಸುವೆವು.

ಯಂತ್ರದ ಸಂಗೀತದಲ್ಲಿ ಕೊರತೆಯೆಂಬುದು ಹೊಸ ಸಂಗತಿಯಲ್ಲ. ೧೯೦೨ನೆಯ ಇಸವಿಯಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಯವರು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ತಟ್ಟೆಗಳಲ್ಲಿ ಹಿಡಿದರು. ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯವನ್ನು ಪಡೆದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಆಕೆಯು ಕನ್ನಡನಾಡಿಗೆ ಪರಕೀಯಳಲ್ಲ. ಆ ಕಾಲದಲ್ಲಿ ಶಬ್ದವನ್ನು ಹಿಡಿಯುವುದಕ್ಕೆ ವಿದ್ಯುತ್ತಿನ ಮೈಕು ಬಳಕೆಗೆ ಬಂದಿರಲಿಲ್ಲ. ದೊಡ್ಡ ತುತ್ತೂರಿಯೊಂದರ ಬಾಯಿಯ ಬಳಿ ನಿಂತು ಗಟ್ಟಿಯಾಗಿ ಹಾಡಬೇಕಾಗಿತ್ತು. ಆ ಧ್ವನಿಯ ಬಲದಿಂದಲೇ ಸೂಜಿಯು ನಡುಗಿ ಮೇಣದ ಮೇಲೆ ಗೆರೆ ಕೊರೆಯಬೇಕಾಗಿತ್ತು. ತಗ್ಗಿನ ಸ್ವರಗಳ ಬುಡವೂ ಎತ್ತರದ ಸ್ವರಗಳ ಹೊಳಪೂ ಬಹುಪಾಲು ತಟ್ಟೆಗೆ ಇಳಿಯುತ್ತಿರಲಿಲ್ಲ. ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡಿಗೆ ಮಾತ್ರ ಸ್ಥಳವಿತ್ತು. ಇಷ್ಟು ಕೊರತೆಗಳಿದ್ದಾಗ್ಯೂ ಜನರು ಅದರ ಸುತ್ತ ಕುಳಿತು, ಬೇರೆ ಮಾತನ್ನು ನಿಲ್ಲಿಸಿ, ಕೇಳಿ ಸಂತೋಷಪಟ್ಟರು.

೧೯೭೯ರ ಜುಲೈ ತಿಂಗಳಲ್ಲಿ ಜಪಾನಿನ ಸೋನಿ ಕಂಪೆನಿಯು ವಾಕ್‌ಮನ್ ಎಂಬ ಕ್ಯಾಸೆಟ್ ಯಂತ್ರವನ್ನು ಮಾರಾಟಕ್ಕೆ ತಂದಿತು. ಸಂಗೀತವು ನಡೆಯುವವರ ಜೊತೆಯಲ್ಲಿ ನಡೆಯತೊಡಗಿದ್ದು ಅಂದಿನಿಂದ. ಕ್ಯಾಸೆಟ್ಟಿನ ಹಿಂದೆ ಸದಾ ಒಂದು ಬುಸುಗುಟ್ಟುವ ಶಬ್ದವಿರುತ್ತಿತ್ತು. ಪಟ್ಟಿಯು ಸವೆದರೆ ಹಾಡು ಮಂಕಾಗುತ್ತಿತ್ತು. ಬ್ಯಾಟರಿಯು ಸೋತರೆ ಶ್ರುತಿಯೇ ಇಳಿಯುತ್ತಿತ್ತು. ೨೦೦೧ರ ಅಕ್ಟೋಬರಿನಲ್ಲಿ ಆಪಲ್ ಕಂಪೆನಿಯವರು ಸಾವಿರ ಹಾಡುಗಳು ಹಿಡಿಯುವ ಐಪಾಡ್ ಎಂಬ ಪೆಟ್ಟಿಗೆಯನ್ನು ಪ್ರಕಟಿಸಿದರು. ಬಳಿಕ ಆ ಪೆಟ್ಟಿಗೆಯ ಕೆಲಸವನ್ನು ಫೋನೇ ವಹಿಸಿಕೊಂಡಿತು. ಹೀಗೆ ಹಳೆಯ ಕೊರತೆಗಳು ಒಂದೊಂದಾಗಿ ತೊಲಗಿದವು. ಹಾಗಿರಲು, ಈಗಲೂ ಹಾಡು ಚೆನ್ನಾಗಿಲ್ಲವೆಂಬ ದೂರು ಎಲ್ಲಿಂದ ಬಂತು?

ಮೊದಲು ಕಡತದ ಮೇಲೆ ಹೊರಿಸುವ ಅಪವಾದವನ್ನು ವಿಚಾರಿಸುವ. ೧೯೮೨ರಲ್ಲಿ ಮಾರಾಟಕ್ಕೆ ಬಂದ ಸಿ.ಡಿ. ತಟ್ಟೆಯಲ್ಲಿ ಶಬ್ದವನ್ನು ಒಂದು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ೧೬ ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುವರು. ಮನುಷ್ಯರ ಎಳೆಯ ಕಿವಿಯು ಸೆಕೆಂಡಿಗೆ ಸುಮಾರು ೨೦ ಕಂಪನಗಳಿಂದ ೨೦,೦೦೦ ಕಂಪನಗಳ ವರೆಗೆ ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಎಲ್ಲೆಯು ತಗ್ಗುತ್ತ ಬರುವುದು. ಒಂದು ಕಂಪನವನ್ನು ತಪ್ಪಿಲ್ಲದೆ ಹಿಡಿಯಬೇಕಾದರೆ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಸಾಕೆಂಬುದು ಗಣಿತದ ನಿಯಮ. ಆದುದರಿಂದ ೪೪,೧೦೦ ಎಂಬ ಸಂಖ್ಯೆಯು ನಮ್ಮ ಕಿವಿಗೆ ಬೇಕಾದುದೆಲ್ಲವನ್ನೂ ಒಳಗೊಂಡಿರುವುದು.

ಈ ಲೆಕ್ಕದಿಂದ ಎರಡು ಕಾಲುವೆಗಳಿಗೆ, ಅಂದರೆ ಎಡಕಿವಿಗೂ ಬಲಕಿವಿಗೂ ಸೇರಿ, ಸೆಕೆಂಡಿಗೆ ೧೪ ಲಕ್ಷಕ್ಕೂ ಮಿಕ್ಕಿ ಬಿಟ್‌ಗಳಾಗುವುವು. ಇಷ್ಟನ್ನು ಚಿಕ್ಕ ಯಂತ್ರದಲ್ಲಿ ತುಂಬುವುದು ಹಿಂದೆ ಕಷ್ಟವಾಗಿದ್ದುದರಿಂದ ಜರ್ಮನಿಯ ವಿದ್ವಾಂಸರು ಎಂ.ಪಿ.೩ ಎಂಬ ಉಪಾಯವನ್ನು ಬೆಳೆಸಿದರು. ದೊಡ್ಡ ಶಬ್ದವು ತನ್ನ ಹತ್ತಿರದ ಸಣ್ಣ ಶಬ್ದವನ್ನು ಮರೆಮಾಡುವುದಷ್ಟೆ; ಹಾಗೆ ಮರೆಯಾದುದನ್ನು ಬಿಟ್ಟು ಮಿಕ್ಕದ್ದನ್ನು ಮಾತ್ರ ಬರೆದಿಡುವುದೇ ಆ ಉಪಾಯ. ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ಕಡತವು ಸಿ.ಡಿ.ಯ ಸುಮಾರು ಹನ್ನೊಂದನೆಯ ಒಂದು ಪಾಲು ಮಾತ್ರ.

ಈ ಕೆಲಸದಲ್ಲಿ ಮುಖ್ಯರಾಗಿದ್ದ ಕಾರ್ಲ್‌ಹೈನ್ಸ್ ಬ್ರಾಂಡನ್‌ಬರ್ಗ್ ಎಂಬವರು ತಮ್ಮ ಉಪಾಯವನ್ನು ಪರೀಕ್ಷಿಸಲು ಅಮೆರಿಕದ ಸುಜಾನ್ ವೇಗಾ ಎಂಬ ಗಾಯಕಿಯ "ಟಾಮ್ಸ್ ಡೈನರ್" ಎಂಬ ಹಾಡನ್ನು ಬಳಸಿದರು. ಅದರಲ್ಲಿ ಪಕ್ಕವಾದ್ಯವೇ ಇಲ್ಲ. ಒಬ್ಬ ಹೆಂಗಸಿನ ಕಂಠ ಮಾತ್ರ. ಬೇರೆ ಸಂಗೀತದಲ್ಲಿ ಚೆನ್ನಾಗಿಯೇ ತೋರಿದ ಆ ಉಪಾಯವು ಈ ಒಂಟಿ ಕಂಠದ ಮುಂದೆ ಸೋತಿತು. ಧ್ವನಿಯು ಕೆಟ್ಟು ಕೇಳಿಸಿತು. ಅವರು ಅದನ್ನು ಮತ್ತೆ ಮತ್ತೆ ತಿದ್ದಿ ಸರಿಪಡಿಸಬೇಕಾಯಿತು. ಅನೇಕ ವಾದ್ಯಗಳ ಗದ್ದಲದಲ್ಲಿ ತಪ್ಪು ಅಡಗಬಹುದು, ಒಂಟಿ ಕಂಠದಲ್ಲಿ ಅಡಗಲಾರದು ಎಂಬುದು ಹಾಡಲು ಕಲಿಯುವ ನಮ್ಮ ಹುಡುಗಿಯರಿಗೂ ಸಲ್ಲುವ ಮಾತು.

ಹಳೆಯ ದಿನಗಳ ಸಣ್ಣ ಕಡತಗಳಲ್ಲಿ ತಾಳದ ಝಣತ್ಕಾರವು ನೀರಿನಲ್ಲಿ ಅದ್ದಿದಂತೆ ಕೇಳಿಸುತ್ತಿದ್ದುದು ನಿಜ. ಆದರೆ ಈಗ ಸಾಮಾನ್ಯವಾಗಿ ದೊರೆಯುವ ೨೫೬ ಅಥವಾ ೩೨೦ ಕಿಲೋಬಿಟ್ಟಿನ ಕಡತವನ್ನು ಮೂಲದಿಂದ ಬೇರ್ಪಡಿಸಿ ಹೇಳುವುದು ಪಳಗಿದ ಕಿವಿಗೂ ಕಷ್ಟ. ಹೀಗಿದ್ದರೂ ಸಿ.ಡಿ.ಗಿಂತಲೂ ದೊಡ್ಡ ಸಂಖ್ಯೆಗಳ ಆಸೆಯನ್ನು ತೋರಿಸಿ ವ್ಯಾಪಾರ ಮಾಡುವವರಿದ್ದಾರೆ. ೨೦೧೪ರಲ್ಲಿ ನೀಲ್ ಯಂಗ್ ಎಂಬ ಪ್ರಖ್ಯಾತ ಗಾಯಕರು ಪೋನೋ ಎಂಬ ಕಿಸೆಯ ಯಂತ್ರಕ್ಕಾಗಿ ಸಾರ್ವಜನಿಕರಿಂದ ೬೦ ಲಕ್ಷ ಡಾಲರಿಗೂ ಮಿಕ್ಕಿ ಹಣವನ್ನು ಕೂಡಿಸಿದರು. ಅದರ ಬೆಲೆ ೩೯೯ ಡಾಲರು. ಸೆಕೆಂಡಿಗೆ ೧,೯೨,೦೦೦ ಸಲ ಅಳೆದ ಕಡತಗಳನ್ನೂ ಅದು ನುಡಿಸಬಲ್ಲುದಾಗಿತ್ತು. ೨೦೧೭ರಲ್ಲಿ ಆ ಉದ್ಯಮವು ನಿಂತುಹೋಯಿತು.

ದೊಡ್ಡ ಸಂಖ್ಯೆಗಳನ್ನು ಕಿವಿಯು ನಿಜವಾಗಿ ಗುರುತಿಸುವುದೇ ಎಂಬುದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ೨೦೦೭ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ, ಕೇಳುವವರಿಗೆ ಯಾವುದು ಯಾವುದೆಂದು ತಿಳಿಸದೆ, ಹೆಚ್ಚಿನ ಸಂಖ್ಯೆಯ ಶಬ್ದವನ್ನೂ ಸಿ.ಡಿ.ಯ ಮಟ್ಟಕ್ಕೆ ಇಳಿಸಿದ ಅದೇ ಶಬ್ದವನ್ನೂ ಕೇಳಿಸಿದರು. ೫೫೪ ಸಲ ಕೇಳಿದ್ದಕ್ಕೆ ೨೭೬ ಸಲ ಮಾತ್ರ ಉತ್ತರ ಸರಿಯಾಯಿತು. ನಾಣ್ಯವನ್ನು ಚಿಮ್ಮಿ ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. ೨೦೧೬ರಲ್ಲಿ ಲಂಡನ್ನಿನ ಜೋಶುವಾ ರೀಸ್ ಎಂಬ ವಿದ್ವಾಂಸರು ಇಂಥ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರವು ನೂರಕ್ಕೆ ಸುಮಾರು ೫೨ ಆಯಿತು. ತರಬೇತು ಪಡೆದವರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಆದಕಾರಣ ವ್ಯತ್ಯಾಸವು ಇಲ್ಲವೇ ಇಲ್ಲವೆಂದು ನಾವು ಹಟ ಹಿಡಿಯುವುದಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಕಿವಿಗೊಟ್ಟು ಕೇಳಿದವರಿಗೇ ಅಷ್ಟು ಅಲ್ಪವಾಗಿ ತೋರಿದ್ದು, ಬಸ್ಸಿನಲ್ಲಿ ನಿಂತು ಕೇಳುವ ಕಾಲೇಜು ಹುಡುಗಿಗೆ ತೋರುವುದೆಂಬುದನ್ನು ಮಾತ್ರ ನಂಬಲಾರೆವು.

ಇನ್ನು ಕೊನೆಯ ಅಂಗುಲಕ್ಕೆ ಬರುವ. ಫೋನಿನ ಸ್ಪೀಕರು ಉಗುರಿನಷ್ಟು ಅಗಲದ್ದು. ಅದರ ಪರದೆಗೆ ಮುಂದಕ್ಕೂ ಹಿಂದಕ್ಕೂ ಆಡಲು ಕೂದಲೆಳೆಯಷ್ಟೇ ಸ್ಥಳ. ಶಬ್ದವೆಂದರೆ ಗಾಳಿಯನ್ನು ತಳ್ಳುವುದು. ಅಷ್ಟೇ ಗಟ್ಟಿಯಾಗಿ ಒಂದು ಸ್ಥಾಯಿ ಕೆಳಗಿನ ಸ್ವರವನ್ನು ನುಡಿಸಬೇಕಾದರೆ ಪರದೆಯು ನಾಲ್ಕರಷ್ಟು ದೂರ ಆಡಬೇಕು. ಎರಡು ಸ್ಥಾಯಿ ಕೆಳಗಾದರೆ ಹದಿನಾರರಷ್ಟು. ಇದು ಜಾಣತನದಿಂದ ತಪ್ಪಿಸಿಕೊಳ್ಳಬಹುದಾದ ಕಷ್ಟವಲ್ಲ, ಪ್ರಕೃತಿಯ ನಿಯಮ. ಎಷ್ಟು ಬೆಲೆಯ ಫೋನಾದರೂ ಕಿಸೆಯಲ್ಲಿ ಹಿಡಿಯುವಷ್ಟು ತೆಳ್ಳಗಿರಬೇಕಾದರೆ ಮೃದಂಗದ ಎಡಗಡೆಯ ಗುಮ್ಕಿಯನ್ನು ಅದು ಒಪ್ಪಿಸಲಾರದು.

ನಮ್ಮ ಹುಡುಗಿಯರಲ್ಲಿ ಅನೇಕರು ಈಗ ಮನೆಯಲ್ಲಿ ಫೋನಿನ ತಂಬೂರಿಯನ್ನು ಶ್ರುತಿಗಾಗಿ ಇಟ್ಟುಕೊಂಡು ಸಾಧನೆ ಮಾಡುತ್ತಾರೆ. ಹೆಂಗಸರ ಶ್ರುತಿಯ ಷಡ್ಜವು ಸೆಕೆಂಡಿಗೆ ಸುಮಾರು ೨೦೦ ಕಂಪನಗಳದಾದರೆ, ತಂಬೂರಿಯ ಮಂದ್ರ ಷಡ್ಜದ ತಂತಿಯು ಸುಮಾರು ೧೦೦ ಕಂಪನಗಳದು. ಆ ೧೦೦ ಕಂಪನವು ಫೋನಿನ ಸ್ಪೀಕರಿನಿಂದ ಹೊರಡುವುದೇ ಇಲ್ಲವೆಂದರೂ ಸಲ್ಲುವುದು. ಆದರೂ ಮಂದ್ರವು ಕೇಳಿಸಿದಂತೆ ನಮಗೆ ತೋರುತ್ತದೆ. ಕಾರಣವೇನೆಂದರೆ, ಮೇಲಣ ಉಪಸ್ವರಗಳನ್ನು ಕೇಳಿ ನಮ್ಮ ಮಿದುಳು ಕೆಳಗಣ ಆಧಾರವನ್ನು ತಾನೇ ಊಹಿಸಿಕೊಳ್ಳುವುದು. ಇದು ದೇಹರಚನೆಯ ಒಂದು ಆಶ್ಚರ್ಯ. ಆದರೆ ಊಹೆಯ ಆಧಾರದ ಮೇಲೆ ನಿಂತು ಹಾಡುವುದು ಬೇರೆ, ನಿಜವಾದ ತಂಬೂರಿಯನ್ನು ಭುಜಕ್ಕೊರಗಿಸಿಕೊಂಡು ಅದರ ನಡುಕವನ್ನು ಮೈಯಲ್ಲಿ ಅನುಭವಿಸುತ್ತ ಹಾಡುವುದು ಬೇರೆ. ಶಾಲೆಯ ಗಾಯನಮೇಳದಲ್ಲಿಯೂ ಇದನ್ನೇ ಕಾಣುತ್ತೇವೆ. ಆಲ್ಟೋ ಹಾಡಬೇಕಾದ ಹುಡುಗಿಯರು ಫೋನಿನ ಸ್ಪೀಕರಿನಿಂದ ಪಾಠ ಮಾಡಿಕೊಂಡು ಬಂದರೆ, ಕೆಳಗಿನ ಧ್ವನಿಯು ಸ್ಪಷ್ಟವಾಗಿ ಕೇಳಿಸದೆ ಸೊಪ್ರಾನೋವಿನ ಕಡೆಗೆ ಜಾರಿಹೋಗುವರು. ಅದು ಆ ಮಕ್ಕಳ ಅಲಕ್ಷ್ಯವಲ್ಲ. ಕೇಳಿಸದಿದ್ದುದನ್ನು ಕಲಿಯುವುದು ಹೇಗೆ?

ಇಯರ್‌ಫೋನಿನ ಸಂಗತಿ ಬೇರೆ. ಅದು ಇನ್ನೂ ಚಿಕ್ಕದಾದರೂ ಕಿವಿಯ ಸಣ್ಣ ಕೊಳವೆಯೊಳಗಿನ ಗಾಳಿಯನ್ನು ಮಾತ್ರ ಅಲುಗಿಸಬೇಕಾಗಿರುವುದರಿಂದ ತಗ್ಗಿನ ಸ್ವರಗಳನ್ನು ಚೆನ್ನಾಗಿ ಒಪ್ಪಿಸಬಲ್ಲುದು. ಆದರೆ ಒಂದು ನಿಬಂಧನೆಯುಂಟು: ಅದು ಕಿವಿಗೆ ಸರಿಯಾಗಿ ಕೂರಬೇಕು. ಸ್ವಲ್ಪ ಸಂದಿಯಿದ್ದರೂ ಮಂದ್ರವು ಸೋರಿಹೋಗಿ ಹಾಡು ತಗಡಿನಂತಾಗುವುದು. ಹಾಡು ಕೇಳುತ್ತಿರುವಾಗ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿರಿ. ಆಗ ತಗ್ಗಿನ ಸ್ವರವು ತುಂಬಿಕೊಂಡು ಬಂದರೆ ನಿಮ್ಮದು ಸರಿಯಾಗಿ ಕೂತಿಲ್ಲವೆಂದು ತಿಳಿಯಿರಿ. ಪೊಟ್ಟಣದಲ್ಲಿ ಬರುವ ಮೂರು ಅಳತೆಯ ರಬ್ಬರು ತುದಿಗಳಲ್ಲಿ ತಕ್ಕದ್ದನ್ನು ಆರಿಸಿಕೊಳ್ಳುವುದಕ್ಕೆ ಕಾಸೂ ಬೇಡ. ಕೂರದ ಬೆಲೆಬಾಳುವ ಇಯರ್‌ಫೋನಿಗಿಂತ ಕೂರುವ ಅಗ್ಗದ್ದು ಮೇಲು. ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ಇನ್ನೊಂದು ಎಚ್ಚರವೂ ಬೇಕು: ಎರಡರಲ್ಲಿ ಸ್ವಲ್ಪ ಗಟ್ಟಿಯಾಗಿ ನುಡಿಯುವುದನ್ನೇ ಕಿವಿಯು "ಇದು ಉತ್ತಮ"ವೆಂದು ಒಪ್ಪಿಕೊಳ್ಳುವುದು. ಮಟ್ಟವನ್ನು ಸಮ ಮಾಡದೆ ಹೋಲಿಸಬಾರದು.

ತಂತಿಯಿಲ್ಲದ ಬ್ಲೂಟೂತ್ ಇಯರ್‌ಫೋನುಗಳಲ್ಲಿ ಹಾಡನ್ನು ಮತ್ತೊಮ್ಮೆ ಹಿಂಡಿ ಕಳುಹಿಸಬೇಕಾಗುವುದು. ಕೇಳುವುದಕ್ಕೆ ಅದರಿಂದ ದೊಡ್ಡ ನಷ್ಟವಿಲ್ಲ. ಆದರೆ ಮಾತನಾಡುವುದಕ್ಕಾಗಿ ಅದರ ಮೈಕನ್ನು ತೆರೆದೊಡನೆ, ಬಹಳ ಯಂತ್ರಗಳಲ್ಲಿ, ಶಬ್ದವು ದೂರವಾಣಿಯ ಮಟ್ಟಕ್ಕೆ ಇಳಿಯುವುದು. ೨೦೨೦ರಲ್ಲಿ ಕೋವಿಡ್ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿ, ಸಂಗೀತದ ಪಾಠಗಳೂ ಫೋನಿನ ಮೂಲಕ ನಡೆದುದನ್ನು ತಾಯಂದಿರು ಮರೆತಿರಲಾರರು. ಆಗ ಹುಡುಗಿಯು ನೀಳವಾಗಿ ಎಳೆದು ಹಿಡಿದ ಸ್ವರವು ನಡುವೆಯೇ ಕರಗಿಹೋಗುತ್ತಿತ್ತು. ಆ ಏರ್ಪಾಡುಗಳು ಮಾತಿಗಾಗಿ ಮಾಡಿದವು. ಒಂದೇ ಸಮನೆ ಎಳೆಯುವ ಶಬ್ದವನ್ನು ಬೀಸಣಿಗೆಯ ಸದ್ದೆಂದು ಭಾವಿಸಿ ಒತ್ತಿಬಿಡುವುವು. ಮೆಲ್ಲಗಿನದನ್ನು ಏರಿಸಿ, ಗಟ್ಟಿಯಾದುದನ್ನು ಇಳಿಸಿ ಎರಡನ್ನೂ ಒಂದೇ ಮಾಡುವುವು. ಶಬ್ದವು ಹೋಗಿಬರುವ ವಿಳಂಬದಿಂದ ಇಬ್ಬರು ಕೂಡಿ ಹಾಡುವುದು ಸಾಧ್ಯವೇ ಆಗಲಿಲ್ಲ. ಕಷ್ಟಕಾಲದಲ್ಲಿ ಆ ಯಂತ್ರವು ಮಾಡಿದ ಉಪಕಾರಕ್ಕೆ ನಾವು ಕೃತಜ್ಞರು. ಆದರೆ ಆಪತ್ಕಾಲದ ಊರುಗೋಲನ್ನು ಕಾಲೆಂದು ಭಾವಿಸಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಬಸ್ಸಿನ ಎಂಜಿನ್ನಿನ ಗುಂಯ್‌ಗುಡುವಿಕೆಯು ತಗ್ಗಿನ ಸ್ವರಗಳನ್ನು ಮುಚ್ಚಿಬಿಡುವುದು. ಪೇಟೆಯ ಗದ್ದಲವು ಮೆಲುದನಿಯ ಭಾಗಗಳನ್ನು ನುಂಗಿಬಿಡುವುದು. ಆಗ ಮಕ್ಕಳು ಮಾಡುವುದೇನು? ಶಬ್ದವನ್ನು ಏರಿಸುವರು. ಬಸ್ಸಿನಿಂದ ಇಳಿದ ಮೇಲೆ ತಗ್ಗಿಸುವುದನ್ನು ಮರೆಯುವರು. ವಿಶ್ವ ಆರೋಗ್ಯ ಸಂಸ್ಥೆಯವರ ಮಿತಿಯೇನೆಂದರೆ, ದೊಡ್ಡವರು ೮೦ ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ ೪೦ ತಾಸು ಕೇಳಬಹುದು. ಮಕ್ಕಳಿಗಾದರೆ ೭೫ ಡೆಸಿಬೆಲ್ ಮಟ್ಟದಲ್ಲಿ ೪೦ ತಾಸು. ಶಬ್ದವು ಮೂರು ಡೆಸಿಬೆಲ್ ಏರಿದಾಗಲೆಲ್ಲ ಕಾಲವು ಅರ್ಧಕ್ಕೆ ಇಳಿಯಬೇಕು. ಈ ಲೆಕ್ಕವನ್ನು ಮಾಡಿ ನೋಡಿದರೆ ದೊಡ್ಡವರಿಗೆ ೮೩ರಲ್ಲಿ ೨೦ ತಾಸು, ೮೬ರಲ್ಲಿ ೧೦ ತಾಸು, ೮೯ರಲ್ಲಿ ೫ ತಾಸು, ೯೫ರಲ್ಲಿ ಒಂದೂಕಾಲು ತಾಸು ಮಾತ್ರ, ಅದೂ ವಾರಕ್ಕೆ. ಸಾಮಾನ್ಯವಾದ ಫೋನು ಇಯರ್‌ಫೋನುಗಳು ಇದನ್ನು ಸುಲಭವಾಗಿ ಮೀರಬಲ್ಲವು. ಹನ್ನೆರಡರಿಂದ ಮೂವತ್ತೈದು ವಯಸ್ಸಿನೊಳಗಿನ ನೂರು ಕೋಟಿಗೂ ಹೆಚ್ಚು ಮಂದಿ ಇಂಥ ಅಪಾಯಕ್ಕೆ ಒಡ್ಡಿಕೊಂಡಿರುವರೆಂದು ಆ ಸಂಸ್ಥೆಯವರೇ ಎಣಿಸಿದ್ದಾರೆ.

ಒಳಗಿವಿಯಲ್ಲಿರುವ ಸೂಕ್ಷ್ಮವಾದ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಎತ್ತರದ ಸ್ವರಗಳನ್ನು ಕೇಳುವ ಶಕ್ತಿಯು ಮೊದಲು ಕುಗ್ಗುವುದು. ಸ, ಶ, ತ, ಚ ಮುಂತಾದ ಅಕ್ಷರಗಳನ್ನು ಬೇರೆಬೇರೆಯಾಗಿ ತಿಳಿಸುವ ಗುರುತುಗಳು ಇರುವುದು ಬಹುಮಟ್ಟಿಗೆ ಅಲ್ಲಿಯೇ. ಆದ್ದರಿಂದ ನಷ್ಟವು ಸಂಗೀತದಲ್ಲಿ ಮುಗಿಯುವುದಿಲ್ಲ. ತರಗತಿಯ ಉಕ್ತಲೇಖನದಲ್ಲಿಯೂ, ಮನೆಯ ಮಾತುಕತೆಯಲ್ಲಿಯೂ ಅದು ಕಾಣಿಸಿಕೊಳ್ಳುವುದು. ಒಳ್ಳೆಯ ಸಂಗೀತದ ಆಸೆಯಿಂದಲೇ ಸಂಗೀತವನ್ನು ಕೇಳುವ ಅಂಗವನ್ನು ಕೆಡಿಸಿಕೊಳ್ಳುವುದಕ್ಕಿಂತ ವ್ಯಸನಕರವಾದುದು ಯಾವುದು?

ಇದನ್ನು ಓದಿ ಕೆಲವರು, "ಹಾಗಾದರೆ ಆ ಯಂತ್ರವೇ ಬೇಡ, ಕಿತ್ತುಕೊಳ್ಳುವ" ಎನ್ನಬಹುದು. ನಾವು ಅದನ್ನು ಒಪ್ಪುವುದಿಲ್ಲ. ಸಂಗೀತದ ಗುರುಗಳೇ ಇಲ್ಲದ ಹಳ್ಳಿಯಲ್ಲಿ ಬೆಳೆಯುವ ಹುಡುಗಿಯು ಇಂದು ದೊಡ್ಡ ವಿದ್ವಾಂಸರ ಗಾನವನ್ನು ತನ್ನ ಮನೆಯ ಜಗಲಿಯಲ್ಲಿ ಕೇಳಬಲ್ಲಳು. ಅವಳ ಅಜ್ಜಿಗೆ ಆ ಭಾಗ್ಯವಿರಲಿಲ್ಲ. ಬೇರೆ ಕೆಲವರು, "ಇನ್ನೂ ಹೆಚ್ಚು ಬೆಲೆಯದನ್ನು ತಂದುಕೊಟ್ಟರಾಯಿತು" ಎನ್ನುವರು. ಅದನ್ನೂ ಒಪ್ಪೆವು. ಸಾವಿರಾರು ರೂಪಾಯಿಗಳನ್ನು ದೊಡ್ಡ ಸಂಖ್ಯೆಗಳಿಗಾಗಿ ಕೊಡುವುದಕ್ಕಿಂತ ಅದೇ ಹಣದಲ್ಲಿ ಒಂದು ಹಾರ್ಮೋನಿಯಮ್ಮನ್ನೋ ಶ್ರುತಿಪೆಟ್ಟಿಗೆಯನ್ನೋ ಮನೆಗೆ ತಂದರೆ ಮಗಳ ಕಿವಿಯೂ ಕಂಠವೂ ಹೆಚ್ಚು ತಿದ್ದಿಕೊಳ್ಳುವುವು.

ಪೋಷಕರು ಮಾಡಬಹುದಾದುದು ಇಷ್ಟು. ಇಯರ್‌ಫೋನು ಕಿವಿಗೆ ಸರಿಯಾಗಿ ಕೂರುವುದೇ ಎಂದು ನೋಡಿರಿ. ಫೋನಿನಲ್ಲಿ ಶಬ್ದದ ಮೇಲ್ಮಿತಿಯನ್ನು ಕಟ್ಟುವ ಏರ್ಪಾಡಿದ್ದರೆ ಅದನ್ನು ಬಳಸಿರಿ. ಪಕ್ಕದಲ್ಲಿ ನಿಂತು ಸಾಧಾರಣ ಧ್ವನಿಯಿಂದ ಕರೆದಾಗ ಮಗಳಿಗೆ ಕೇಳಿಸದಿದ್ದರೆ ಶಬ್ದವು ಅತಿಯಾಯಿತೆಂದು ತಿಳಿಯಿರಿ. ಹೊರಗಣ ಗದ್ದಲವನ್ನು ತಗ್ಗಿಸುವ ಇಯರ್‌ಫೋನುಗಳು ಪ್ರಯಾಣದಲ್ಲಿ ಪ್ರಯೋಜನಕರವೇ. ಅವುಗಳಿಂದ ಮೆಲ್ಲಗೆ ಕೇಳಬಹುದು. ರಸ್ತೆ ದಾಟುವಾಗ ಮಾತ್ರ ಅವು ಕಿವಿಯಲ್ಲಿರಕೂಡದು. ಮನೆಯಲ್ಲಿ ಎಲ್ಲರೂ ಕೂಡಿ ಕೇಳುವಾಗ ಫೋನಿಗೆ ಸ್ವಲ್ಪ ದೊಡ್ಡ ಸ್ಪೀಕರನ್ನು ಜೋಡಿಸಿ, ದೂರದರ್ಶನವನ್ನು ಆರಿಸಿ, ಒಂದು ಹಾಡನ್ನಾದರೂ ಮೊದಲಿನಿಂದ ಕೊನೆಯ ವರೆಗೆ ಕೇಳಿರಿ. ಕಿವಿಯಲ್ಲಿ ಗುಂಯೆನ್ನುವ ಶಬ್ದವು ನಿಲ್ಲದೆ ಇದ್ದರೆ ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಿರಿ.

ನಮ್ಮ ಶಾಲೆಯಲ್ಲಿಯಾದರೋ ಗಾಯನಮೇಳದ ಪಾಠಕ್ಕೆ ಫೋನನ್ನು ಜ್ಞಾಪಕದ ಚೀಟಿಯಂತೆ ಮಾತ್ರ ಬಳಸತಕ್ಕದ್ದೆಂದು ಗೊತ್ತುಮಾಡಿದ್ದೇವೆ. ಹೊಸ ಹಾಡನ್ನು ಮೊದಲು ಕಲಿಸುವುದು ಹಾರ್ಮೋನಿಯಮ್ಮಿನಿಂದಲೂ ಉಪಾಧ್ಯಾಯಿನಿಯ ಕಂಠದಿಂದಲೂ. ಆಲ್ಟೋದವರು ಸೊಪ್ರಾನೋದವರ ಎದುರಿಗೆ ನಿಂತು, ಇನ್ನೊಬ್ಬರ ಧ್ವನಿಯನ್ನು ಕೇಳುತ್ತಲೇ ತಮ್ಮದನ್ನು ಬಿಡದೆ ಹಿಡಿಯಲು ಕಲಿಯುವರು. ಮೆಲ್ಲಗೆ ಹಾಡುವುದೆಂದರೆ ಎಷ್ಟು ಮೆಲ್ಲಗೆ, ನಾಲ್ವತ್ತು ಕಂಠಗಳು ಒಂದಾಗುವುದೆಂದರೆ ಏನು ಎಂಬುದನ್ನು ಒಂದು ಕೋಣೆಯ ಗಾಳಿಯಲ್ಲಲ್ಲದೆ ಬೇರೆ ಕಡೆಯಲ್ಲಿ ತಿಳಿಯಲಾಗದು.

ಹಳೆಯ ವಿದ್ಯಾರ್ಥಿನಿಯರಾದ ನೀವು ಈಗ ನಿಮ್ಮ ನಿಮ್ಮ ಮನೆಗಳಲ್ಲಿ ತಾಯಂದಿರಾಗಿದ್ದೀರಿ. ಶಾಲೆಯಲ್ಲಿ ಕಲಿತ ಹಾಡುಗಳಲ್ಲಿ ಎರಡು ಮೂರಾದರೂ ನಿಮಗೆ ಇನ್ನೂ ಬಾಯಿಗೆ ಬರುತ್ತಿರಬೇಕು. ಅವನ್ನು ನಿಮ್ಮ ಮಕ್ಕಳ ಮುಂದೆ ನಿಮ್ಮ ಸ್ವಂತ ಕಂಠದಿಂದ ಹಾಡಿರಿ. ಸ್ವರವು ಅಲ್ಲಲ್ಲಿ ತಪ್ಪಿದರೂ ಚಿಂತೆಯಿಲ್ಲ. ಎದುರಿಗೆ ಕುಳಿತವರ ಧ್ವನಿಯನ್ನು ಕೇಳಿ ಬೆಳೆದ ಮಗುವಿಗೆ ಯಂತ್ರವು ಎಲ್ಲಿ ಕಡಿಮೆಯಾಯಿತೆಂಬುದು ತಾನಾಗಿಯೇ ತಿಳಿಯುವುದು. ಆ ಕಡಿಮೆಯನ್ನು ತುಂಬುವುದಕ್ಕಾಗಿ ಅದು ಶಬ್ದವನ್ನು ಏರಿಸುತ್ತ ಹೋಗಲಾರದೆಂದು ನಮ್ಮ ನಂಬುಗೆ.